ಜಪಾನೀಸ್ ರ‍್ಯಾಪ್ ಯಾರಿಂದ ಶುರು ಮಾಡ್ಬೇಕು? ರೈಮ್‌ಸ್ಟರ್ ಇಂದ

ಜಪಾನಲ್ಲಿ ತುಂಬಾ ವರ್ಷದಿಂದ ನಡ್ಕೊಂಡ್ ಬಂದಿರೋ ಹಿಪ್ ಹಾಪ್ ಗ್ರೂಪ್ ಯಾವ್ದು, ಭಾಷೆ ಬರ್ದೇ ಇದ್ರೂ ಕೇಳ್ಬೋದಾ ಅಂತ ಕೇಳಿದೀರ. ಧಾರಾಳವಾಗಿ ಕೇಳಿ. ನಾನಂತೂ ರೈಮ್‌ಸ್ಟರ್ ಹೆಸ್ರೇ ಹೇಳೋದು. 1989ರಲ್ಲಿ ಟೋಕಿಯೋದ ವಾಸೇದಾ ಯೂನಿವರ್ಸಿಟಿಯ ಗ್ಯಾಲಕ್ಸಿ ಅನ್ನೋ ಮ್ಯೂಸಿಕ್ ಕ್ಲಬ್ಬಲ್ಲಿ ಶುರುವಾದ ಗ್ರೂಪು, ಮೊದಲ್ನೇ ಆಲ್ಬಂ ಬಂದಿದ್ದು 1993ರಲ್ಲಿ. ಉತಾಮಾರು ಮತ್ತೆ ಮಮ್ಮಿ-ಡಿ ರ‍್ಯಾಪ್ ಮಾಡ್ತಾರೆ, ಆಮೇಲೆ ಸೇರ್ಕೊಂಡ ಡಿಜೆ ಜಿನ್ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸೋ ಪ್ಲೇಯರ್) ನೋಡ್ಕೋತಾರೆ.

ಇವ್ರು ಯಾಕೆ ದೊಡ್ಡೋರು ಅನ್ನೋದು ಕನ್ನಡದೋರಿಗೆ ಬೇಗ ಅರ್ಥ ಆಗುತ್ತೆ. ಜಪಾನೀಸಲ್ಲೂ ನಮ್ಮ ಥರಾನೇ ಕ್ರಿಯಾಪದ ಕೊನೇಲಿ ಬರುತ್ತೆ. ಮಾಡ್ತೀನಿ, ಹೋಗ್ತೀನಿ, ಬರ್ತೀನಿ ಅಂತ ಸಾಲು ಮುಗಿಸ್ತಾ ಹೋದ್ರೆ ಪ್ರಾಸ ತಾನಾಗೇ ಬಂದ್ಬಿಡುತ್ತೆ, ಆದ್ರೆ ಅದ್ರಲ್ಲಿ ಏನೂ ಮಜಾ ಇರಲ್ಲ ಅಲ್ವಾ, ಅಲ್ಲೂ ಅದೇ ತೊಂದ್ರೆ. ಹಾಗಾಗಿ ಅಲ್ಲಿನ ರ‍್ಯಾಪರ್‌ಗಳು ವಾಕ್ಯಾನ ತಿರುಗಿಸಿ ನಾಮಪದದಲ್ಲಿ ನಿಲ್ಲಿಸೋದು, ಬರೀ ಸ್ವರಾಕ್ಷರಗಳನ್ನ ಹೊಂದಿಸೋದು ಇದನ್ನೆಲ್ಲ ರೂಢಿ ಮಾಡ್ಕೊಂಡ್ರು. "ವತಾಶಿ" ಅಂದ್ರೆ ನಾನು, "ಕತಾಚಿ" ಅಂದ್ರೆ ಆಕಾರ, ಎರಡರಲ್ಲೂ ಅ-ಅ-ಇ, ಅಷ್ಟು ಸಾಕು ಪ್ರಾಸಕ್ಕೆ. ರೈಮ್‌ಸ್ಟರ್ ಈ ಕೆಲಸಾನ ಉದ್ದುದ್ದ ಸಾಲುಗಳಲ್ಲಿ, ಮಾತಾಡೋ ಜಪಾನೀಸಲ್ಲೇ ಮಾಡ್ತಾರೆ, ನಾನು ಆ ಭಾಷೆ ಕಲೀತಿದ್ದಾಗ ಲಿರಿಕ್ಸ್ ಬರ್ಕೊಂಡು ಒಂದೊಂದೇ ಸ್ವರಕ್ಕೆ ಗೆರೆ ಎಳೆದು ನೋಡ್ತಾ ಕೂರ್ತಿದ್ದೆ.

1994ರಲ್ಲಿ ಇವ್ರ ಜೊತೆಗಾರರಾದ ಈಸ್ಟ್ ಎಂಡ್ ಗ್ರೂಪು ಯೂರಿ ಅನ್ನೋ ಗಾಯಕಿ ಜೊತೆ ಮಾಡಿದ ಹಾಡು ದೇಶದಲ್ಲೆಲ್ಲ ಹಿಟ್ ಆಯ್ತು, ಇವ್ರಿಗೆ ಆ ಥರ ದಿಢೀರ್ ಹೆಸ್ರು ಬರ್ಲಿಲ್ಲ. ಸ್ಟೇಜ್ ಮೇಲೆ ದುಡಿದೇ ಮೇಲೆ ಬಂದ್ರು, ತಮ್ಮನ್ನ ಕಿಂಗ್ ಆಫ್ ಸ್ಟೇಜ್ ಅಂತಾನೇ ಕರ್ಕೋತಾರೆ, ಆ ಮಾತು ಅವ್ರಿಗೆ ಒಪ್ಪುತ್ತೆ ಕೂಡ.

ನಂಗೆ ತುಂಬಾ ಇಷ್ಟ ಆಗೋದು 2007. ಆ ವರ್ಷ ಮಾರ್ಚಲ್ಲಿ ಟೋಕಿಯೋದ ನಿಪ್ಪೋನ್ ಬುಡೋಕಾನ್ ಅನ್ನೋ ದೊಡ್ಡ ಹಾಲಲ್ಲಿ ಶೋ ಮಾಡಿದ್ರು, 1966ರಲ್ಲಿ ಬೀಟಲ್ಸ್ ಹಾಡಿದ್ರಲ್ಲ, ಅದೇ ಜಾಗ. ಅಂಥಾ ಶೋ ಆದ್ಮೇಲೆ ಯಾರಾದ್ರೂ ಇನ್ನೂ ಜೋರಾಗಿ ನುಗ್ತಾರೆ, ಇವ್ರು ಗ್ರೂಪ್‌ಗೆ ಬ್ರೇಕ್ ಕೊಟ್ರು. ಏಪ್ರಿಲಿಂದ ಉತಾಮಾರು ಟಿಬಿಎಸ್ ರೇಡಿಯೋದಲ್ಲಿ ಶನಿವಾರ ರಾತ್ರಿ ಪ್ರೋಗ್ರಾಂ ಶುರು ಮಾಡಿ ಅದ್ರಲ್ಲಿ ಸಿನಿಮಾ ವಿಮರ್ಶೆ ಹೇಳ್ತಾ ಹೇಳ್ತಾ ರ‍್ಯಾಪ್ ಕೇಳದೇ ಇರೋರ ಮನೆಗೂ ತಲುಪಿದ್ರು. ಬೋಳು ತಲೆ, ಕಪ್ಪು ಕನ್ನಡಕ, ಮಾತಿನ ಸ್ಪೀಡು ಮಾತ್ರ ಅದೇ ಸ್ಟೇಜಿಂದು. 2009ರಲ್ಲಿ ಮೂರೂ ಜನ ವಾಪಸ್ ಬಂದ್ರು, ಆಗ ಬಿಟ್ಟ ಹಾಡಿನ ಹೆಸ್ರು "ಒನ್ಸ್ ಅಗೇನ್". ನಲವತ್ತರ ಹತ್ರ ಬಂದೋರು ಇನ್ನೊಂದ್ಸಲ ಅಂತ ಎದ್ದು ನಿಲ್ಲೋ ಹಾಡು ಅದು, ಸೋತು ಮನೇಲಿ ಕೂತಿದ್ದ ದಿನಗಳಲ್ಲಿ ನಾನು ಅದನ್ನ ಎಷ್ಟ್ ಸಲ ಕೇಳಿದೀನೋ ಲೆಕ್ಕ ಇಲ್ಲ. 2023ರಲ್ಲೂ ಹೊಸ ಆಲ್ಬಂ ತಂದ್ರು, 2024ರ ಫೆಬ್ರವರಿಲಿ ಮತ್ತೆ ಬುಡೋಕಾನ್ ಹತ್ತಿದ್ರು.

ನೀವು 1998ರ "ಬಿ-ಬಾಯಿಸಂ" ಹಾಡಿಂದ ಶುರು ಮಾಡಿ. ಅರ್ಥ ಹುಡುಕ್ಬೇಡಿ, ಹೆಡ್‌ಫೋನ್ ಹಾಕ್ಕೊಂಡು ಮೊದಲ ಸಲ ಬೀಟ್ ಕೇಳಿ, ಎರಡನೇ ಸಲ ಪ್ರತಿ ಸಾಲಿನ ಕೊನೇ ಸ್ವರಗಳನ್ನ ಮಾತ್ರ ಹಿಡೀರಿ, ಆಮೇಲೆ "ಒನ್ಸ್ ಅಗೇನ್"ಗೆ ಹೋಗಿ.