ಸರ ಸಿಕ್ಕಿತು, ಪೆಟ್ಟಿಗೆ ಎಲ್ಲಿ?

ನಮಸ್ಕಾರ. ಹೆಸರಾಂತ ಸಣ್ಣಕಥೆಗಳ ಸಂಕೇತಗಳ ಬಗ್ಗೆ ನೀವು ಬರೆದ ಲೇಖನ ತಲುಪಿತು. ಎರಡು ಸಲ ಓದಿದೆ. ಒಂದು ಸಲ ಮಂಜೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ, ಇನ್ನೊಂದು ಸಲ ರಾತ್ರಿ ಊಟವಾದ ಮೇಲೆ ಪೆನ್ಸಿಲ್ ಹಿಡಿದುಕೊಂಡು. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಹಾಗಂತ ಎರಡು ಸಾಲು ಗೀಚಿ ವಾಪಸು ಕಳಿಸಲೂ ಮನಸ್ಸು ಬರಲಿಲ್ಲ. ಇದರಲ್ಲಿ ಒಂದು ಪ್ಯಾರಾ ತುಂಬ ಚೆನ್ನಾಗಿದೆ. ಅದರ ವಿಷಯ ಆಮೇಲೆ.

‘ಸಂಕೇತ’ ಎಂಬ ಮಾತು ಲೇಖನದಲ್ಲಿ 31 ಸಲ ಬಂದಿದೆ. ಎಣಿಸಿದೆ, ಸಿಟ್ಟು ಮಾಡಬೇಡಿ. ಫ್ರೆಂಚ್ ಕಥೆಗಾರ ಮೊಪಾಸಾನ ಸರ ಭ್ರಮೆಯ ಸಂಕೇತ, ರಷ್ಯದ ಚೆಕಾವ್‌ನ ಹಿಮ ಸಾವಿನ ಸಂಕೇತ, ಹಿಂದಿಯ ಪ್ರೇಮಚಂದರ ಇಕ್ಕಳ ತ್ಯಾಗದ ಸಂಕೇತ. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದೀರಿ, ಒಂದರ ಮುಚ್ಚಳವನ್ನೂ ತೆಗೆದಿಲ್ಲ. ತಪ್ಪು ಪೂರ್ತಿ ನಿಮ್ಮದಲ್ಲ ಬಿಡಿ. ಪರೀಕ್ಷೆಯಲ್ಲಿ ‘ಈ ಕಥೆಯ ಸಂಕೇತವನ್ನು ವಿವರಿಸಿ’ ಎಂದು ಕೇಳುತ್ತಾರೆ, ನಾವು ಗೈಡ್ ನೋಡಿ ಬಾಯಿಪಾಠ ಮಾಡಿದ್ದನ್ನು ಬರೆಯುತ್ತೇವೆ, ನಾಲ್ಕು ಅಂಕ ಸಿಗುತ್ತದೆ. ಆ ನಾಲ್ಕು ಅಂಕದ ಚಾಳಿ ನನ್ನನ್ನು ಬಿಟ್ಟುಹೋಗಲು ಎಷ್ಟೋ ವರ್ಷ ಬೇಕಾಯಿತು.

ಮೊಪಾಸಾನ ‘ನೆಕ್ಲೇಸ್’ ಕಥೆಯನ್ನೇ ನೋಡಿ, 1884ರದ್ದು. ಗುಮಾಸ್ತನ ಹೆಂಡತಿ ಮಟಿಲ್ಡ್ ಒಂದು ರಾತ್ರಿಯ ಔತಣಕ್ಕೆ ಗೆಳತಿಯ ವಜ್ರದ ಸರ ಎರವಲು ತರುತ್ತಾಳೆ, ಕಳೆದುಹಾಕುತ್ತಾಳೆ. ಗಂಡ ಹೆಂಡತಿ ಬಾಯಿಬಿಡದೆ 36,000 ಫ್ರಾಂಕ್ ಕೊಟ್ಟು ಅಂಥದ್ದೇ ಇನ್ನೊಂದನ್ನು ತಂದುಕೊಡುತ್ತಾರೆ. ಆ ಸಾಲ ತೀರಿಸಲು ಹತ್ತು ವರ್ಷ. ಕೊನೆಗೆ ನೋಡಿದರೆ ಕಳೆದದ್ದು ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು. ಈ ಕೊನೆಯ ಮಾತಿನ ಮೇಲೆಯೇ ನೀವು ಎರಡು ಪುಟ ಬರೆದಿದ್ದೀರಿ. ಆದರೆ ಆ ಸರ ಇದ್ದ ಪೆಟ್ಟಿಗೆಯ ಬಗ್ಗೆ ಒಂದಕ್ಷರ ಇಲ್ಲ!

ಕರಿ ಸ್ಯಾಟಿನ್ನಿನ ಪೆಟ್ಟಿಗೆ ಅದು. ಸರ ಕಳೆದ ಮೇಲೆ ಇವರಿಬ್ಬರು ಪೆಟ್ಟಿಗೆಯ ಒಳಗಿದ್ದ ಹೆಸರು ನೋಡಿಕೊಂಡು ಆ ಚಿನ್ನದಂಗಡಿಗೆ ಹೋಗುತ್ತಾರೆ. ಅಂಗಡಿಯವನು ಲೆಕ್ಕದ ಪುಸ್ತಕ ತಿರುವಿ ನೋಡಿ, ಸರ ನಾನು ಮಾರಿದ್ದಲ್ಲ, ಪೆಟ್ಟಿಗೆ ಮಾತ್ರ ನಮ್ಮದಿರಬೇಕು ಎನ್ನುತ್ತಾನೆ. ಗುಟ್ಟು ಅಲ್ಲೇ ರಟ್ಟಾಯಿತಲ್ಲ ಮಾರಾಯ್ರೆ! ಒಳ್ಳೆಯ ಅಂಗಡಿಯ ಪೆಟ್ಟಿಗೆ, ಒಳಗಿದ್ದ ಮಾಲು ಬೇರೆ ಎಲ್ಲಿಯದ್ದೋ. ಗಾಬರಿಯಲ್ಲಿ ಅವರಿಗೆ ಅದು ಹೊಳೆಯುವುದಿಲ್ಲ, ಅವರ ಗಾಬರಿ ನಮಗೂ ಅಂಟಿ ನಮಗೂ ಹೊಳೆಯುವುದಿಲ್ಲ. ಮುಂದೆ ಹೊಸ ಸರ ಒಪ್ಪಿಸುವಾಗ ಗೆಳತಿ ಆ ಪೆಟ್ಟಿಗೆಯನ್ನು ತೆರೆದು ಕೂಡ ನೋಡುವುದಿಲ್ಲ. ಸರ ಬಿದ್ದದ್ದಾದರೂ ಯಾಕೆ? ಔತಣ ಮುಗಿದ ಮೇಲೆ ಗಂಡ ಅವಳ ಹೆಗಲಿಗೆ ಮನೆಯ ಹಳೇ ಹೊದಿಕೆ ಹಾಕುತ್ತಾನೆ. ತುಪ್ಪಳದ ಕೋಟಿನ ಹೆಂಗಸರು ಅದನ್ನು ಕಂಡಾರು ಎಂದು ಅವಳು ದಡದಡ ಮೆಟ್ಟಿಲಿಳಿದು ಓಡುತ್ತಾಳೆ. ಕಳೆದದ್ದು ಆ ಅವಸರದಲ್ಲೇ ಎಂದು ನನ್ನ ಊಹೆ. ‘ಭ್ರಮೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಹೊದಿಕೆ, ಮೆಟ್ಟಿಲು, ಪೆಟ್ಟಿಗೆ ಎಲ್ಲವೂ ಕೈತಪ್ಪಿ ಹೋಗುತ್ತವೆ.

ಇನ್ನೊಂದು ಕಡೆ ನಿಮ್ಮನ್ನು ಸ್ವಲ್ಪ ಗದರಬೇಕಾಗಿದೆ. ಕಳೆದುಹೋದ ಸರ ಕಾಸರಗೋಡಿನ ಸಂಕೇತ, 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ನೋವು ಅದರಲ್ಲಿದೆ ಎಂದು ಬರೆದಿದ್ದೀರಿ. ಆ ನೋವು ನಮ್ಮ ಮನೆಯಲ್ಲೂ ಇತ್ತು, ಅಪ್ಪನ ತಲೆಮಾರಿನವರ ಬಾಯಲ್ಲಿ ಕೇಳಿಯೇ ಬೆಳೆದವನು ನಾನು. ಮೊಪಾಸಾ 1893ರಲ್ಲೇ ತೀರಿಕೊಂಡ, ಅದು ದೊಡ್ಡ ತಕರಾರಲ್ಲ. ಹಳೆಯ ಕಥೆಗೆ ಹೊಸ ಅರ್ಥ ಹುಟ್ಟಬಾರದು ಎಂದೇನಿಲ್ಲ. ಆದರೆ ಹೋಲಿಕೆಯನ್ನು ಕೊನೆಯ ತನಕ ಎಳೆದು ನೋಡಿ. ಆ ಸರ ನಕಲಿ! ಹಾಗಾದರೆ ನಾವು ಕಳೆದುಕೊಂಡದ್ದು 500 ಫ್ರಾಂಕಿನ ಮಾಲು ಎಂದಾಯಿತು. ಇದನ್ನು ಅಚ್ಚು ಹಾಕಿದರೆ ನಾನು ಬದಿಯಡ್ಕ ಪೇಟೆಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ.

ಚೆಕಾವ್ ವಿಷಯಕ್ಕೆ ಬರೋಣ. 1886ರ ‘ಮಿಸರಿ’ ಕಥೆಯಲ್ಲಿ ಜಾರುಬಂಡಿ ಹೊಡೆಯುವ ಇಯೋನಾ ಎಂಬ ಮುದುಕನ ಮಗ ಸತ್ತಿದ್ದಾನೆ. ಬಂಡಿ ಹತ್ತಿದವರಿಗೆ ಅದನ್ನು ಹೇಳಲು ನೋಡುತ್ತಾನೆ, ಯಾರೂ ಕಿವಿಗೊಡುವುದಿಲ್ಲ. ಕೊನೆಗೆ ಲಾಯದಲ್ಲಿ ತನ್ನ ಕುದುರೆಗೆ ಹೇಳುತ್ತಾನೆ. ಶುರುವಿನಲ್ಲಿ ಮುದುಕ, ಕುದುರೆ ಇಬ್ಬರ ಮೇಲೂ ಹಿಮ ಕೂತು ಬೆಳ್ಳಗಾಗಿದೆ. ನೀವು ಹಿಮ ಎಂದರೆ ಸಾವು ಎಂದುಬಿಟ್ಟಿರಿ. ನಾವಿಬ್ಬರೂ ಹಿಮ ಕಂಡವರಲ್ಲ, ಹಾಗಾಗಿ ಮಳೆಯನ್ನು ತೆಗೆದುಕೊಳ್ಳಿ. ಆಟಿ ತಿಂಗಳ ಮಳೆಗೆ ಕುಂಬಳೆ ಬಸ್‌ಸ್ಟ್ಯಾಂಡಿನ ಹೊರಗೆ ಒಬ್ಬರು ಕೊಡೆ ಕೈಯಲ್ಲಿದ್ದೂ ಬಿಡಿಸದೆ ನೆನೆಯುತ್ತಾ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಮಳೆ ಯಾವುದರ ಸಂಕೇತ ಎಂದು ನೀವು ಕೇಳುತ್ತೀರಾ? ಅಯ್ಯೋ, ಇವರಿಗೆ ಏನಾಯ್ತು ಎಂದು ಕೇಳುತ್ತೀರಿ, ಅಲ್ವಾ? ಇಯೋನಾ ಹಿಮ ಕೊಡವಿಕೊಳ್ಳುವುದಿಲ್ಲ. ಅರ್ಥ ಇರುವುದು ಆ ಕೊಡವಿಕೊಳ್ಳದ ಕೈಯಲ್ಲಿ. ಅವತ್ತಿನ ದುಡಿಮೆ ಕುದುರೆಯ ಓಟ್ಸಿಗೂ ಸಾಲದೆ ಅದು ಬರೀ ಹುಲ್ಲು ತಿನ್ನುತ್ತಿರುವ ಹೊತ್ತಿನಲ್ಲೇ ಅವನು ಮಾತು ಶುರುಮಾಡುವುದು. ಈ ಹುಲ್ಲನ್ನು ನೀವು ಹೇಳಿಯೇ ಇಲ್ಲ.

ಪ್ರೇಮಚಂದರ ‘ಈದ್‌ಗಾಹ್’ (1933) ಭಾಗ ಮಾತ್ರ ಪರವಾಗಿಲ್ಲ. ಹಮೀದ್ ಎಂಬ ಪುಟ್ಟ ಹುಡುಗ ಈದಿನ ಜಾತ್ರೆಯಲ್ಲಿ ತನ್ನ ಮೂರೇ ಪೈಸೆಗೆ ಅಜ್ಜಿಗೊಂದು ಇಕ್ಕಳ ತರುತ್ತಾನೆ, ರೊಟ್ಟಿ ತೆಗೆಯುವಾಗ ಅವಳ ಬೆರಳು ಸುಡುತ್ತದಲ್ಲ ಎಂದು. ತ್ಯಾಗ ಎಂದಿರಿ, ಸರಿ. ಆದರೆ ಆ ಹುಡುಗ ನಿಮಗಿಂತ ದೊಡ್ಡ ವಿಮರ್ಶಕ. ಮಣ್ಣಿನ ಗೊಂಬೆ ಕೊಂಡ ಗೆಳೆಯರು ಗೇಲಿ ಮಾಡಿದಾಗ, ಹೆಗಲಿಗಿಟ್ಟರೆ ಇದು ಬಂದೂಕು, ಕೈಯಲ್ಲಿ ಹಿಡಿದರೆ ಫಕೀರರ ಚಿಮಟ ಎಂದು ಅವನೇ ಇಕ್ಕಳಕ್ಕೆ ಅರ್ಥದ ಮೇಲೆ ಅರ್ಥ ಹಚ್ಚಿ ವಾದ ಗೆಲ್ಲುತ್ತಾನೆ. ಸಂಕೇತ ಕಟ್ಟುವ ಆಟವನ್ನು ಕಥೆಯೇ ಆಡಿ ತೋರಿಸುತ್ತದೆ. ಮನೆಗೆ ಬಂದ ಮೇಲೆ ಆ ಬಂದೂಕು, ಫಕೀರ ಎಲ್ಲ ಮಾಯ. ಮಧ್ಯಾಹ್ನವಾದರೂ ಏನೂ ತಿನ್ನದೆ ಇದನ್ನು ತಂದೆಯಾ ಎಂದು ಅಜ್ಜಿ ಮೊದಲು ಬಯ್ಯುತ್ತಾಳೆ. ನಿನ್ನ ಬೆರಳು ಸುಡುತ್ತಿತ್ತಲ್ಲ ಎನ್ನುತ್ತಾನೆ. ಅಷ್ಟೇ. ಇಕ್ಕಳ ಮತ್ತೆ ಇಕ್ಕಳವಾಯಿತು.

ಅರ್ಥ ಹೇಳುವುದು ಎಂದರೆ ಏನು ಎಂದು ನಮ್ಮ ಕಡೆಯವರಿಗೆ ಹೊರಗಿನವರು ಕಲಿಸಬೇಕಾ? ತಾಳಮದ್ದಳೆ ಇದೆಯಲ್ಲ, ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ಯಕ್ಷಗಾನ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ನಿಮ್ಮೂರಿನಲ್ಲಿ ಇದ್ದೇ ಇರುತ್ತಾರೆ, ಹೋಗಿ ಮಾತಾಡಿಸಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುತ್ತಾನೆ. ಧರ್ಮ, ರಾಜನೀತಿ, ಬೇಟೆ ಅಂತ ಮಾತು ಎಲ್ಲೆಲ್ಲಿಗೋ ಹೋಗುತ್ತದೆ, ಆದರೆ ಎದೆಯಲ್ಲಿ ಬಾಣ ನೆಟ್ಟಿರುವುದನ್ನು ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ ಒಂದು ಗಳಿಗೆಯೂ ಮರೆಯುವುದಿಲ್ಲ. ಮರೆತರೆ, ಹಾಡುವ ಭಾಗವತರು ಜಾಗಟೆ ಮುಟ್ಟಿ, ಮಾತು ಸಾಕು ಎಂದು ಮುಂದಿನ ಪದ್ಯ ಎತ್ತುತ್ತಾರೆ. ನಿಮ್ಮ ಲೇಖನದ ಅಂಚಿನಲ್ಲಿ ಪೆನ್ಸಿಲಿನ ಅಡ್ಡಗೆರೆಗಳು ಕಾಣುತ್ತವಲ್ಲ, ಅವು ನನ್ನ ಜಾಗಟೆ.

ಇನ್ನು ಆ ಪ್ಯಾರಾ. ಏಳನೇ ಪುಟದ ಕೆಳಗೆ, ಆವರಣದೊಳಗೆ, ‘ಇದು ವಿಷಯಕ್ಕೆ ಹೊರಗಿನದು, ಕ್ಷಮಿಸಿ’ ಎಂದು ಬರೆದು ನಿಮ್ಮ ಅಜ್ಜಿಯ ಬಗ್ಗೆ ನಾಲ್ಕು ಸಾಲು ಹಾಕಿದ್ದೀರಿ. ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಬರಿಗೈಯಲ್ಲೇ ಮಗುಚುತ್ತಿದ್ದರು, ಮಾವ ಪೇಟೆಯಿಂದ ತಂದ ಇಕ್ಕಳ ಮೊಳೆಗೆ ತೂಗುತ್ತಿತ್ತು, ಕೊನೆಗೆ ಬೆರಳ ಗೆರೆಯೆಲ್ಲ ಸವೆದು ರೇಷನ್ ಅಂಗಡಿಯ ಮಿಶಿನು ಅವರ ಬೆರಳನ್ನು ಒಪ್ಪುತ್ತಿರಲಿಲ್ಲ. ಓದಿ ನಾನು ಪೆನ್ಸಿಲ್ ಕೆಳಗಿಟ್ಟೆ. ಹೊರಗಿನದು ಎಂದು ಯಾರು ಹೇಳಿದರು ನಿಮಗೆ? ಪ್ರೇಮಚಂದರ ಇಕ್ಕಳವನ್ನು ನಿಮ್ಮಷ್ಟು ಹತ್ತಿರದಿಂದ ಕಂಡವರು ಎಷ್ಟು ಮಂದಿ ಇದ್ದಾರು?

ಆವರಣ ತೆಗೆಯಿರಿ, ಕ್ಷಮೆಯನ್ನೂ ತೆಗೆಯಿರಿ. ಲೇಖನ ಅಲ್ಲಿಂದಲೇ ಶುರುವಾಗಲಿ. ಮೂರು ಕಥೆ ಜಾಸ್ತಿಯಾಯಿತು, ಹಮೀದನೊಬ್ಬ ಸಾಕು, ಅರ್ಧದಷ್ಟು ಪುಟದಲ್ಲಿ ಮುಗಿಸಿ. ಮಳೆಗಾಲದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಒಂದು ಮಾತು ಕೇಳಬೇಕಿತ್ತು: ಇಕ್ಕಳ ಇದ್ದೂ ಅಜ್ಜಿ ಯಾಕೆ ಮುಟ್ಟಲಿಲ್ಲ? ಈಗ ಅದು ಯಾರ ಮನೆಯಲ್ಲಿದೆ?