ಹತ್ತು ಗಜದಿಂದ ಶುರು ಮಾಡಿ

ಅಕ್ಕಾ ಎಂದು ಕರೆದು ಎರಡು ಪ್ರಶ್ನೆ ಕೇಳಿದ್ದೀರಿ. ಗ್ರೀನ್ ಕಾರ್ಡ್ ಪಡೆದು ಅಮೆರಿಕಕ್ಕೆ ಬಂದು ಎಂಟು ತಿಂಗಳಾಯಿತು, 9 ಎಂಎಂ ಪಿಸ್ತೂಲು ಕೊಂಡು ಅದಕ್ಕೆ ರೆಡ್ ಡಾಟ್, ಅಂದರೆ ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಗಾಜಿನ ಸೈಟ್, ಕೂರಿಸಿದ್ದೇನೆ, ಗುಂಡುಗಳೆಲ್ಲ ಗುರಿಯ ಎಡಕ್ಕೆ ಕೆಳಗೆ ಬೀಳುತ್ತಿವೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದು ಮೊದಲನೆಯದು. ಎಚ್-1ಬಿ ವೀಸಾದಲ್ಲಿ ಬಂದು ನಿಮ್ಮೊಂದಿಗೆ ಮನೆ ಹಂಚಿಕೊಂಡಿರುವ ಗೆಳೆಯನನ್ನು ಈ ಶನಿವಾರ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಕರೆದುಕೊಂಡು ಹೋಗಲೇ ಎಂಬುದು ಎರಡನೆಯದು. ಕೊನೆಯ ಸಾಲಿನಲ್ಲಿ ಹಗುರವಾಗಿ ಬರೆದಿರುವ ಆ ಎರಡನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಪಿಸ್ತೂಲಿನ ಗುರಿ ತಪ್ಪಿದರೆ ಇನ್ನೊಂದು ಶನಿವಾರ ಸರಿಮಾಡಿಕೊಳ್ಳಬಹುದು, ಇದು ತಪ್ಪಿದರೆ ಹಾಗಲ್ಲ.

ಕರೆದುಕೊಂಡು ಹೋಗಿ, ಅವರು ನೋಡಲಿ. ಆದರೆ ಅವರ ಕೈಗೆ ಪಿಸ್ತೂಲನ್ನಾಗಲಿ ಒಂದೇ ಒಂದು ಕಾಡತೂಸನ್ನಾಗಲಿ ಕೊಡಬೇಡಿ. ಎಚ್-1ಬಿಯಂಥ ವಲಸೆಯೇತರ, ಅಂದರೆ ತಾತ್ಕಾಲಿಕ, ವೀಸಾದಲ್ಲಿ ಬಂದವರು ಬಂದೂಕು ಅಥವಾ ಮದ್ದುಗುಂಡು ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ. ಇಟ್ಟುಕೊಳ್ಳುವುದು ಎಂದರೆ ಕೊಂಡು ಮನೆಯಲ್ಲಿಡುವುದು ಮಾತ್ರವಲ್ಲ, ರೇಂಜಿನಲ್ಲಿ ಬಾಡಿಗೆಗೆ ಪಡೆದು ಹತ್ತು ನಿಮಿಷ ಹಿಡಿದರೂ ಅದೇ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಆದರೆ ಅದನ್ನು ನೆಚ್ಚಿಕೊಳ್ಳುವ ಮೊದಲು ಅವರು ವಲಸೆ ವಕೀಲರೊಬ್ಬರನ್ನು ಕೇಳಲೇಬೇಕು. ತಿಳಿದೂ ತಿಳಿದೂ ಕೊಟ್ಟವರದ್ದೂ ಅಪರಾಧವೇ. ಬಂದೂಕಿನ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇರುವವರನ್ನೂ ದೇಶದಿಂದ ಹೊರಹಾಕಬಹುದು. ಇಲ್ಲಿಯೇ ಹುಟ್ಟಿ ಬೆಳೆದ ಸಹೋದ್ಯೋಗಿಗಳಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರುವುದಿಲ್ಲ. ಅವರು ಪ್ರೀತಿಯಿಂದಲೇ ಪಿಸ್ತೂಲನ್ನು ಕೈಗಿಡುತ್ತಾರೆ, ಬೇಡವೆನ್ನಲು ನಮ್ಮವರು ಸಂಕೋಚಪಡುತ್ತಾರೆ. ಆ ಸಂಕೋಚವನ್ನು ಬಿಡುವಂತೆ ಗೆಳೆಯನಿಗೆ ಹೇಳಿ. ರಾಜ್ಯಗಳ ಕಾನೂನು ಬೇರೆಯೇ ಇದೆ. ಇಲಿನಾಯ್‌ನಲ್ಲಿ ಬಂದೂಕು ಹೊಂದಲು ಪ್ರತ್ಯೇಕ ಗುರುತಿನ ಚೀಟಿ ಬೇಕು, ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳುವ ಮೊದಲು ಸುರಕ್ಷತೆಯ ಪರೀಕ್ಷೆ ಬರೆಯಬೇಕು. ಮನೆ ಬದಲಿಸಿ ಬೇರೆ ರಾಜ್ಯಕ್ಕೆ ಹೋಗುವಾಗ ಅಲ್ಲಿನ ನಿಯಮವನ್ನು ಹೊಸದಾಗಿ ಓದಿಕೊಳ್ಳಿ.

ಇನ್ನು ನಿಮ್ಮ ಕೆಂಪು ಚುಕ್ಕೆ. ಅದು ಲೇಸರ್ ಅಲ್ಲ, ಗುರಿಯ ಮೇಲೆ ಯಾವ ಬೆಳಕೂ ಬೀಳುವುದಿಲ್ಲ. ಹಿಂಬದಿಯ ಪುಟ್ಟ ಎಲ್ಇಡಿಯ ಬೆಳಕು ಮುಂದಿನ ಬಾಗಿದ ಗಾಜಿಗೆ ತಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ, ಹಾಗಾಗಿ ಚುಕ್ಕೆ ದೂರದ ಗುರಿಯ ಮೇಲೆಯೇ ಕುಳಿತಂತೆ ಕಾಣುತ್ತದೆ. ನೀವು ಗುರಿಯನ್ನು ನೋಡುತ್ತಿದ್ದರೆ ಸಾಕು. ಲೋಹದ ಹಳೆಯ ಗುರಿಕಡ್ಡಿಗಳಂತೆ ಹಿಂದು ಮುಂದು ಹೊಂದಿಸುವ ಕೆಲಸವಿಲ್ಲ. ಈ ಸೌಲಭ್ಯದ ಜೊತೆಗೆ ಕೈಯ ಒಂದೊಂದು ನಡುಕವೂ ಚುಕ್ಕೆಯಲ್ಲಿ ಕಾಣುತ್ತದೆ. ಹೊಸಬರು ಅದಕ್ಕೆ ಹೆದರಿ, ಚುಕ್ಕೆ ನಡುವಿಗೆ ಬಂದ ಕ್ಷಣವೇ ಟ್ರಿಗರನ್ನು ಜಗ್ಗಿಬಿಡುತ್ತಾರೆ.

ನಿಮ್ಮ ಗುಂಡುಗಳು ಎಡಕ್ಕೆ ಕೆಳಗೆ ಬೀಳುತ್ತಿವೆ ಎಂದು ಓದಿದಾಗಲೇ ನನಗೆ ಅನುಮಾನ ಬಂತು. ಬಲಗೈಯಲ್ಲಿ ಹಾರಿಸುವವರು ಸದ್ದಿಗೂ ಒದೆತಕ್ಕೂ ಮೊದಲೇ ಬೆದರಿ ಮಣಿಕಟ್ಟನ್ನು ತಗ್ಗಿಸಿದರೆ ಗುಂಡು ಬೀಳುವುದು ಸರಿಯಾಗಿ ಅಲ್ಲಿಯೇ. ನಾನೂ ಮೊದಲ ಸಲ ಹೀಗೆಯೇ ಕಷ್ಟಪಟ್ಟೆ. ಒಂದು ಮಧ್ಯಾಹ್ನವಿಡೀ ಚುಕ್ಕೆಯನ್ನು ಸರಿಸುವ ಸೈಟಿನ ತಿರುಪು ತಿರುಗಿಸಿದೆ, ಐವತ್ತು ಗುಂಡಿನ ಡಬ್ಬಿ ಖಾಲಿಯಾಯಿತು, ಚುಕ್ಕೆ ಎಲ್ಲೆಲ್ಲಿಗೋ ಹೋಯಿತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹಿರಿಯ ತರಬೇತುದಾರರೊಬ್ಬರು ಗುಂಡು ತುಂಬುವ ನನ್ನ ಮ್ಯಾಗಜಿನ್ ತೆಗೆದುಕೊಂಡು, ನನಗೆ ಕಾಣದ ಹಾಗೆ ನಡುನಡುವೆ ಸಿಡಿಯದ ಎರಡು ಡಮ್ಮಿ ಕಾಡತೂಸು ಸೇರಿಸಿ ಕೊಟ್ಟರು. ಮೂರನೆಯ ಸಲ ಟ್ರಿಗರ್ ಒತ್ತಿದಾಗ ಗುಂಡು ಹಾರಲಿಲ್ಲ. ಆದರೂ ನಳಿಗೆಯ ತುದಿ ಒಂದು ಅಂಗುಲ ಕೆಳಕ್ಕೆ ಕುಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ. ನೆಲ ಡೊಂಕಾಗಿರಲಿಲ್ಲ.

ಆದ್ದರಿಂದ ತಿರುಪು ಮುಟ್ಟುವ ಮೊದಲು ಈ ಪರೀಕ್ಷೆ ಮಾಡಿಕೊಳ್ಳಿ. ಡಮ್ಮಿಗಳನ್ನು ಬೆರೆಸಿಕೊಡಲು ರೇಂಜಿನ ಸಿಬ್ಬಂದಿಯನ್ನು ಕೇಳಿ, ಗೆಳೆಯನನ್ನಲ್ಲ. ಏಕೆ ಎಂಬುದನ್ನು ಮೇಲೆಯೇ ಹೇಳಿದ್ದೇನೆ. ಡಮ್ಮಿ ಬಂದಾಗಲೂ ಚುಕ್ಕೆ ಅಲುಗದೆ ನಿಲ್ಲುವವರೆಗೆ ಅಭ್ಯಾಸ ಮಾಡಿ. ಬೆದರುವ ಚಟವನ್ನು ತಿರುಪಿನಿಂದ ಸರಿಪಡಿಸಿದರೆ, ಕೈ ಪಳಗಿದ ದಿನ ಗುಂಡುಗಳು ಬಲಕ್ಕೆ ಮೇಲೆ ಬೀಳಲು ತೊಡಗುತ್ತವೆ.

ಕೈ ಸ್ವಲ್ಪ ಪಳಗಿದ ಮೇಲೆ ಯಂತ್ರದ ಕಡೆ ನೋಡೋಣ. ಪಿಸ್ತೂಲಿನ ಮೇಲಿನ ಜಾರುವ ಭಾಗವಾದ ಸ್ಲೈಡಿಗೆ ಸೈಟನ್ನು ಹಿಡಿದಿಟ್ಟಿರುವ ಎರಡು ತಿರುಪುಗಳು ಬಿಗಿಯಾಗಿವೆಯೇ? ಪ್ರತಿ ಗುಂಡಿಗೂ ಸ್ಲೈಡ್ ರಭಸದಿಂದ ಹಿಂದಕ್ಕೆ ಮುಂದಕ್ಕೆ ಬಡಿಯುತ್ತದೆ, ಅದರ ಮೇಲೆಯೇ ಸೈಟ್ ಕುಳಿತಿರುತ್ತದೆ. ತಯಾರಕರು ಹೇಳಿದಷ್ಟೇ ಬಿಗಿತಕ್ಕೆ, ಬಿಗಿತ ಅಳೆಯುವ ಟಾರ್ಕ್ ಡ್ರೈವರಿನಿಂದ ತಿರುಗಿಸಿ, ಎಳೆಗಳಿಗೆ ಅವರು ಸೂಚಿಸಿದ ಅಂಟನ್ನು ಒಂದು ಹನಿ ಹಾಕಿ, ತಿರುಪಿನ ತಲೆಯಿಂದ ಸೈಟಿನ ಮೈವರೆಗೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡರೆ ತಿರುಪು ಸಡಿಲವಾಗಿದೆ ಎಂದರ್ಥ.

ಇಪ್ಪತ್ತೈದು ಗಜದಿಂದಲೇ ಆರಂಭಿಸಿ ಎಂದು ಹಲವರು ಹೇಳುತ್ತಾರೆ. ಹೊಸಬರಿಗೆ ನಾನು ಹಾಗೆ ಹೇಳುವುದಿಲ್ಲ. ಅಷ್ಟು ದೂರದಲ್ಲಿ ಗುಂಡುಗಳು ಚದುರಿದರೆ ತಪ್ಪು ಕೈಯದೋ ಸೈಟಿನದೋ ತಿಳಿಯುವುದಿಲ್ಲ. ಹತ್ತು ಗಜದಲ್ಲಿ ಕಾಗದ ನೇತುಹಾಕಿ, ಮರಳು ಚೀಲದ ಮೇಲೆ ಕೈಗಳನ್ನು ಊರಿ ಕುಳಿತುಕೊಳ್ಳಿ. ಚುಕ್ಕೆಯ ಪ್ರಖರತೆಯನ್ನು ಇಳಿಸಿ, ಕಣ್ಣಿಗೆ ಸ್ಪಷ್ಟವಾಗಿ ಕಂಡರೆ ಸಾಕು. ಹೆಚ್ಚು ಉರಿದರೆ ಅದು ಹಿಗ್ಗಿ ಗುರಿಯನ್ನೇ ಮುಚ್ಚುತ್ತದೆ. ಇಳಿಸಿದ ಮೇಲೂ ದ್ರಾಕ್ಷಿ ಗೊಂಚಲಿನಂತೆಯೋ ಬಾಲ ಬಂದಂತೆಯೋ ಕಂಡರೆ ಸೈಟನ್ನು ಹಿಂದಿರುಗಿಸಲು ಹೋಗಬೇಡಿ, ಗಾಜಿನ ಮೂಲಕ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯಿರಿ. ಚಿತ್ರದಲ್ಲಿ ಚುಕ್ಕೆ ದುಂಡಗಿದ್ದರೆ ಕಣ್ಣಿನ ವೈದ್ಯರನ್ನು ಕಾಣಿ. ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇದ್ದವರಿಗೆ ಹೀಗೆ ಕಾಣುವುದು ಸಾಮಾನ್ಯ.

ಐದು ಗುಂಡು ಹಾರಿಸಿ. ಒಂದೊಂದಕ್ಕೂ ತಿರುಪು ತಿರುಗಿಸಬೇಡಿ, ಐದೂ ಬಿದ್ದ ಮೇಲೆ ಆ ಗುಂಪಿನ ನಡುವನ್ನು ಗುರುತಿಸಿ, ಗುರಿಯ ನಡುವಿನಿಂದ ಅದು ಎಷ್ಟು ದೂರವಿದೆ ಎಂದು ಅಳೆಯಿರಿ. ಕೈ ತಪ್ಪಿತೆಂದು ನಿಮಗೇ ಗೊತ್ತಾದ ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪಿಸ್ತೂಲಿನ ಸೈಟುಗಳಲ್ಲಿ ಸಾಮಾನ್ಯವಾಗಿ ಒಂದು ಕ್ಲಿಕ್, ಅಂದರೆ ಚುಕ್ಕೆ ಸರಿಸುವ ತಿರುಪಿನ ಒಂದು ಹೆಜ್ಜೆ, ಎಂದರೆ ಒಂದು ಎಂಒಎ. ಅದು ಕೋನದ ಅಳತೆ, ನೂರು ಗಜದಲ್ಲಿ ಸುಮಾರು ಒಂದು ಅಂಗುಲ. ಅದೇ ಲೆಕ್ಕದಲ್ಲಿ ಹತ್ತು ಗಜದಲ್ಲಿ ಅಂಗುಲದ ಹತ್ತನೆಯ ಒಂದು ಭಾಗ, ಇಪ್ಪತ್ತೈದು ಗಜದಲ್ಲಿ ಕಾಲು ಅಂಗುಲ. ಹತ್ತು ಗಜದಲ್ಲಿ ಎರಡು ಅಂಗುಲ ಕೆಳಗೆ, ಒಂದು ಅಂಗುಲ ಎಡಕ್ಕೆ ಬಿದ್ದಿದ್ದರೆ 20 ಕ್ಲಿಕ್ ಮೇಲಕ್ಕೆ, 10 ಕ್ಲಿಕ್ ಬಲಕ್ಕೆ. ನಿಮ್ಮ ಸೈಟಿನ ಕ್ಲಿಕ್ ಎಷ್ಟೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ, ಅರ್ಧ ಎಂಒಎ ಇದ್ದರೆ ಇದರ ಎರಡರಷ್ಟು ಬೇಕು. ತಿರುಪಿನ ಪಕ್ಕದ ಬಾಣ ಗುಂಡು ಬೀಳುವ ಜಾಗ ಎತ್ತ ಸರಿಯುತ್ತದೆ ಎಂದು ತೋರಿಸುತ್ತದೆ. ಗಾಜಿನೊಳಗೆ ಚುಕ್ಕೆ ಅದಕ್ಕೆ ವಿರುದ್ಧವಾಗಿ ಸರಿಯುವುದನ್ನು ಕಂಡು ಗಾಬರಿಯಾಗಬೇಡಿ.

ತಿರುಪು ತಿರುಗಿಸುವ ಈ ಹೊತ್ತೇ ಅಪಾಯದ್ದು ಎಂದು ನನ್ನ ಅನುಭವ. ಕಣ್ಣು ಪುಟ್ಟ ತಿರುಪಿನ ಮೇಲೆ ನೆಟ್ಟಿರುತ್ತದೆ, ನಳಿಗೆ ಮೆಲ್ಲಗೆ ಪಕ್ಕದವರ ಕಡೆ ಹೊರಳುತ್ತದೆ. ಮ್ಯಾಗಜಿನ್ ಹೊರತೆಗೆದು, ಸ್ಲೈಡನ್ನು ಹಿಂದಕ್ಕೆಳೆದು ನಿಲ್ಲಿಸಿ, ಒಳಗೆ ಗುಂಡಿಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಮೇಜಿನ ಮೇಲೆ ಗುರಿಯ ಕಡೆಗೇ ನಳಿಗೆ ಇರುವಂತೆ ಮಲಗಿಸಿ ತಿರುಗಿಸಿ. ಜನ ಗುರಿಹಲಗೆಯ ಬಳಿ ನಡೆದುಹೋಗಿರುವಾಗ ಪಿಸ್ತೂಲನ್ನು ಮುಟ್ಟಲೇಬೇಡಿ, ಒಂದು ಕ್ಲಿಕ್ಕಿಗಾಗಿಯೂ ಸಹ.

ಹತ್ತು ಗಜದಲ್ಲಿ ಗುಂಪು ನಡುವಿಗೆ ಬಂದ ಮೇಲೆ ಇಪ್ಪತ್ತೈದಕ್ಕೆ ಹೋಗಿ. ಅಲ್ಲಿ ಸುಮಾರು ಒಂದು ಅಂಗುಲ ಮೇಲೆ ಬಿದ್ದರೆ ಆಶ್ಚರ್ಯವಿಲ್ಲ. ಸೈಟ್ ನಳಿಗೆಗಿಂತ ಒಂದಂಗುಲದಷ್ಟು ಎತ್ತರದಲ್ಲಿದೆ, ಗುಂಡು ಕೆಳಗಿನಿಂದ ಏರಿ ಬಂದು ನಿಮ್ಮ ದೃಷ್ಟಿರೇಖೆಯನ್ನು ದಾಟಿರುತ್ತದೆ. ನಾನು ಇಪ್ಪತ್ತೈದು ಗಜಕ್ಕೇ ಹೊಂದಿಸಿಕೊಂಡಿದ್ದೇನೆ. ಆಗ ಹತ್ತು ಗಜದಲ್ಲಿ ಅರ್ಧ ಅಂಗುಲದೊಳಗೆ, ಮೂರು ಗಜದಲ್ಲಿ ಮುಕ್ಕಾಲು ಅಂಗುಲ ಕೆಳಗೆ ಬೀಳುತ್ತದೆ. ಅದನ್ನು ನೆನಪಿಟ್ಟುಕೊಂಡರೆ ಆಯಿತು. ಗುಂಡಿನ ತೂಕ ಬದಲಾದರೆ ಬೀಳುವ ಜಾಗವೂ ಬದಲಾಗುತ್ತದೆ, 115 ಗ್ರೇನ್ ತೂಕದ ಗುಂಡಿನಲ್ಲಿ ಹೊಂದಿಸಿ 147 ಗ್ರೇನ್ ಹಾರಿಸುವುದಾದರೆ ಮತ್ತೊಮ್ಮೆ ಕಾಗದದ ಮೇಲೆ ನೋಡಿ. ಬ್ಯಾಟರಿಗಾಗಿ ಸೈಟನ್ನು ಬಿಚ್ಚಬೇಕಾದ ಮಾದರಿ ನಿಮ್ಮದಾಗಿದ್ದರೆ ಬಿಚ್ಚಿದಾಗಲೆಲ್ಲ ಹೀಗೆಯೇ ಪರೀಕ್ಷಿಸಬೇಕು.

ಗೆಳೆಯನಿಗೆ ಕಿವಿಗವಸು, ಕನ್ನಡಕ ಕೊಟ್ಟು ಹಿಂದೆ ಕೂರಿಸಿ, ಕೈಗೆ ದುರ್ಬೀನನ್ನೂ ಒಂದು ಪುಸ್ತಕವನ್ನೂ ಕೊಡಿ. ಪ್ರತಿ ಐದು ಗುಂಡಿನ ಗುಂಪು ಎಲ್ಲಿ ಬಿತ್ತು, ಎಷ್ಟು ಕ್ಲಿಕ್ ತಿರುಗಿಸಿದಿರಿ, ಯಾವ ತೂಕದ ಗುಂಡು ಎಂದು ಅವರು ಬರೆದಿಡಲಿ. ಶನಿವಾರ ಸಂಜೆ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದ ಮೇಲೆ, ಸೀಸದ ಪುಡಿ ಅಂಟಿರುತ್ತದೆ, ಆ ಪುಟದ ಚಿತ್ರವನ್ನು ನನಗೆ ಕಳುಹಿಸಿ. ಡಮ್ಮಿ ಬಂದಾಗ ಚುಕ್ಕೆ ಎಷ್ಟು ಅಲುಗಿತು ಎಂಬುದನ್ನೂ ಬರೆಯಿರಿ.