ಆರೇ ವರ್ಷಕ್ಕೆ ಪಿತಾಮಹನೇ?

ನಿಮ್ಮ ಪತ್ರ ಖಾರವಾಗಿದೆ. "ಆರೇ ವರ್ಷ ರೆಕಾರ್ಡ್ ಮಾಡಿದ ಜಿಮ್ಮಿ ರಾಜರ್ಸ್ ಅವರನ್ನು ಅಮೆರಿಕದ ಹಳ್ಳಿಗಾಡಿನ ಹಾಡು, ಅಂದ್ರೆ ಕಂಟ್ರಿ ಸಂಗೀತದ ಪಿತಾಮಹ ಅಂತ ಬರೆದಿದ್ದೀರಿ. ಕಪ್ಪು ಜನರ ನೋವಿನ ಹಾಡು ಬ್ಲೂಸ್ ಎತ್ತಿಕೊಂಡು ಹಾಡಿದವರಿಗೆ ಇದು ಜಾಸ್ತಿ ಆಯ್ತಲ್ವಾ?" ಎಂದು ಕೇಳಿದ್ದೀರಿ.

ಬಿರುದಿನ ಮೇಲೆ ನನಗೂ ಅಂಥ ಮೋಹವಿಲ್ಲ. ಅವರಿಗಿಂತ ಮೊದಲೇ, 1923ರಲ್ಲಿ, ಪಿಟೀಲುಗಾರ ಫಿಡ್ಲಿನ್ ಜಾನ್ ಕಾರ್ಸನ್ ಅವರ ಕಂಟ್ರಿ ರೆಕಾರ್ಡ್ ಬಂದಿತ್ತು. ಆದರೆ ಆರು ವರ್ಷ ಅಂತ ಸುಮ್ನೆ ತಳ್ಳಿಹಾಕಬೇಡಿ. ಅಷ್ಟರಲ್ಲಿ ಅವರು ನೂರಕ್ಕೂ ಹೆಚ್ಚು ಹಾಡು ರೆಕಾರ್ಡ್ ಮಾಡಿದರು. ಅದೂ ಕ್ಷಯ ಹಿಡಿದ ಎದೆ ಇಟ್ಟುಕೊಂಡು.

ತಂದೆ ರೈಲ್ವೆ ಹಳಿ ಕೆಲಸದ ಮೇಸ್ತ್ರಿ. ಮಗ ರೈಲಿನ ಬ್ರೇಕ್ ನೋಡಿಕೊಳ್ಳುವ ಬ್ರೇಕ್‌ಮನ್ ಆದರು. 1924ರಲ್ಲಿ ಕ್ಷಯ ಗೊತ್ತಾದ ಮೇಲೆ ಆ ಕೆಲಸ ಹೆಚ್ಚು ದಿನ ನಡೆಯಲಿಲ್ಲ. 1927ರ ಆಗಸ್ಟ್‌ನಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಗಾಗಿ ರಾಲ್ಫ್ ಪೀರ್ ಟೆನೆಸಿ ರಾಜ್ಯದ ಗಡಿಯ ಬ್ರಿಸ್ಟಲ್ ಊರಿಗೆ ಬಂದು ಹಾಡುಗಾರರನ್ನು ಹುಡುಕುತ್ತಿದ್ದರು. ರೆಕಾರ್ಡಿನ ಮೇಲೆ ಯಾರ ಹೆಸರು ಬರಬೇಕು ಎಂದು ರಾಜರ್ಸ್ ತಂಡದಲ್ಲೇ ಜಗಳ ಬಿತ್ತು. ಜೊತೆಗಾರರು ಬೇರೆಯಾದರು. ಆಗಸ್ಟ್ 4ರಂದು ಇವರು ಗಿಟಾರ್ ಹಿಡಿದು ಒಬ್ಬರೇ ಎರಡು ಹಾಡು ಹಾಡಿದರು. ನನ್ನ ಕೇಳಿದರೆ ಆ ಜಗಳ ಒಳ್ಳೇದೇ ಆಯ್ತು. ನವೆಂಬರ್ 30ರಂದು ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಮೊದಲ 'ಬ್ಲೂ ಯೋಡೆಲ್' ರೆಕಾರ್ಡ್ ಆಯಿತು. ಯೋಡೆಲ್ ಅಂದರೆ ದನಿಯನ್ನು ತಟ್ಟನೆ ಮೇಲೆ ಕೆಳಗೆ ಹಾರಿಸಿ ಹಾಡುವುದು. ಹೆಸರು ಮಾಡಿದ್ದು ಅದೇ.

ಪೀರ್ ಅವರಿಗೆ ಹಳೇ ಹಾಡು ಬೇಡವಾಗಿತ್ತು. ಹೊಸ ಹಾಡಾದರೆ ಅದರ ಹಕ್ಕಿನಿಂದಲೂ ದುಡ್ಡು ಬರುತ್ತದೆ, ಅಲ್ವಾ? ಹಾಗಾಗಿ ರಾಜರ್ಸ್ ಸದಾ ಹೊಸ ಹಾಡಿನ ಬೆನ್ನು ಹತ್ತಬೇಕಾಯಿತು. ಹೆಂಡತಿ ಕ್ಯಾರಿಯ ಅಕ್ಕ ಎಲ್ಸಿ ಮ್ಯಾಕ್‌ವಿಲಿಯಮ್ಸ್ ಎಷ್ಟೋ ಹಾಡು ಕಟ್ಟಿಕೊಟ್ಟರು. ಕೆಲವಕ್ಕೆ ತಮ್ಮ ಹೆಸರನ್ನೂ ಹಾಕಿಸಿಕೊಳ್ಳಲಿಲ್ಲ. ಪಿತಾಮಹನ ಜೊತೆಗೆ ಈ ಹೆಣ್ಣುಮಗಳ ಹೆಸರೂ ಬರಬೇಕಿತ್ತು.

ಬ್ಲೂಸ್ ವಿಷಯದಲ್ಲಿ ನಿಮ್ಮ ಮಾತು ನಿಜ. ಅದು ಕಪ್ಪು ಜನರಿಂದ ಕಲಿತದ್ದೇ. ಆಗ ಕಂಪನಿಗಳು ಬಿಳಿಯರ ರೆಕಾರ್ಡುಗಳನ್ನು ಬೇರೆ, ಕಪ್ಪು ಜನರ ರೆಕಾರ್ಡುಗಳನ್ನು ಬೇರೆ ಇಟ್ಟು ಮಾರುತ್ತಿದ್ದವು. 1930ರ ಜುಲೈ 16ರಂದು ಹಾಲಿವುಡ್‌ನಲ್ಲಿ ಒಂಬತ್ತನೇ ಬ್ಲೂ ಯೋಡೆಲ್‌ಗೆ ಟ್ರಂಪೆಟ್ ಊದಿದವರು ಕಪ್ಪು ಜನರ ಜಾಜ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ಪಿಯಾನೊ ಅವರ ಹೆಂಡತಿ ಲಿಲ್ ಅವರದ್ದು. ರೆಕಾರ್ಡಿನ ಮೇಲೆ ಇಬ್ಬರ ಹೆಸರೂ ಇಲ್ಲ! ನಿಮ್ಮ ಸಿಟ್ಟು ಇಲ್ಲಿ ನ್ಯಾಯವಾದದ್ದೇ. ಆದರೆ ಆ ಗೋಡೆ ಕಟ್ಟಿದವರು ರಾಜರ್ಸ್ ಅಲ್ಲ. ಅದರಾಚೆ ಕೂತವರ ಜೊತೆ ಹಾಡಿದವರು ಅವರು.

1933ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಅವರಿಗೆಂದು ಮಂಚ ಹಾಕಿದ್ದರು. ಒಂದು ಹಾಡು, ಆಮೇಲೆ ಸ್ವಲ್ಪ ಹೊತ್ತು ಮಲಗುವುದು. ಮೇ 24ಕ್ಕೆ ಕೊನೆಯ ರೆಕಾರ್ಡಿಂಗ್. ಮೇ 26ಕ್ಕೆ ತೀರಿಕೊಂಡರು. ವಯಸ್ಸು 35.

1931ರ 'ಟಿಬಿ ಬ್ಲೂಸ್' ಒಮ್ಮೆ ಕೇಳಿ. ತಮ್ಮ ಕಾಯಿಲೆಯನ್ನೇ ಹಾಡು ಮಾಡಿಕೊಂಡಿದ್ದಾರೆ. ಆಮೇಲೂ ಬಿರುದು ಜಾಸ್ತಿ ಅನ್ನಿಸಿದರೆ ಇನ್ನೊಂದು ಪತ್ರ ಹಾಕಿ. ಅದನ್ನೂ ಪ್ರಕಟಿಸುತ್ತೇನೆ.

– ಸಂಪಾದಕ